ಬಂದ ಆಳು ಮರಳಿ ಬರಬೇಕಾದರೆ



ಕೊಯ್ಲು ತಲೆಯ ಮೇಲೆ ಬಂದಾಗ ಆಳು ಹುಡುಕಿಕೊಂಡು ಊರೂರು ಅಲೆಯುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ತಡವಾದರೆ ಆಗುವ ನಷ್ಟ ಸಣ್ಣದಲ್ಲ. ಕಾಫಿ ಹಣ್ಣು ಒಣಗಿ ನೆಲಕ್ಕುದುರುತ್ತದೆ. ಹಾಗೆ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಮನೆಮಾಡಿ ಮುಂದಿನ ಫಸಲಿಗೂ ಕಾಟ ಕೊಡುತ್ತದೆ. ಅಡಿಕೆ ಕೊನೆ ಹಣ್ಣಾದರೆ ಕೆಂಪಡಿಕೆಗೆ ಬಾರದು, ಚಾಲಿಯೇ ಗತಿ.

ಮುಂಗಡ ಕೊಟ್ಟರೆ ಆಳು ನಿಲ್ಲುತ್ತಾನೆಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಮುಂಗಡಕ್ಕೆ ಆಳು ಬರಬಹುದು, ನಿಲ್ಲುವುದಿಲ್ಲ. ಸಾಲ ಬೆಳೆದಷ್ಟೂ ಬಿಟ್ಟುಹೋಗುವ ಮನಸ್ಸೂ ಬೆಳೆಯುತ್ತದೆ. ಅಲ್ಲದೆ, ಸಾಲ ತೀರುವ ತನಕ ಬೇರೆಡೆ ದುಡಿಯಕೂಡದೆಂದು ತಡೆದು ದುಡಿಸಿಕೊಳ್ಳುವುದು 1976ರ ಜೀತಪದ್ಧತಿ ರದ್ದತಿ ಕಾಯಿದೆಯಂತೆ ಅಪರಾಧ. ಆಳನ್ನು ನಿಲ್ಲಿಸುವುದು ನಂಬಿಕೆ. ಅದು ಹುಟ್ಟುವುದು ಈ ಕೆಳಗಿನ ನಾಲ್ಕು ಕಡೆ.

1. ತಕ್ಕಡಿ: ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯಿಸುವಾಗ ತೂಕವೇ ಮನಸ್ತಾಪದ ಮೂಲ. ಚೀಲದ ತೂಕವೆಂದು ಬಾಯಿಗೆ ಬಂದಷ್ಟು ಕಳೆಯಬಾರದು. ಖಾಲಿ ಚೀಲವನ್ನು ಅವರೆದುರಿಗೇ ತೂಗಿ ಅಷ್ಟನ್ನೇ ಕಳೆಯಬೇಕು. ತೂಕವನ್ನು ಗಟ್ಟಿಯಾಗಿ ಹೇಳಿ, ಅವರ ಚೀಟಿಯಲ್ಲೂ ನಮ್ಮ ಪುಸ್ತಕದಲ್ಲೂ ಬರೆಯಬೇಕು. ಕೊನೆಯ ಸುತ್ತಿನಲ್ಲಿ ಗಿಡದಲ್ಲಿ ಹಣ್ಣು ವಿರಳ; ಹಳೆಯ ಕಿಲೋ ದರದಲ್ಲಿ ಕೂಲಿ ಗಿಟ್ಟದು. ಆಗ ದಿನಗೂಲಿ ಕೊಡುವುದೇ ನ್ಯಾಯ.

2. ಬಟವಾಡೆ: ಹೇಳಿದ ದಿನ, ಸಂತೆಗೆ ಮೊದಲು, ಕೂಲಿ ಕೈಸೇರಬೇಕು. "ಮಾಲು ಮಾರಿದ ಮೇಲೆ ಕೊಡೋಣ" ಎಂಬ ಮಾತು ಅವರ ಒಲೆ ಉರಿಸದು. ಒಂದೇ ಕೆಲಸಕ್ಕೆ ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ ಎಂದು 1976ರಲ್ಲೇ ಕಾಯಿದೆ ಬಂದರೂ ನಮ್ಮ ತೋಟಗಳಲ್ಲಿ ಅಂತರ ಪೂರ್ತಿ ಅಳಿದಿಲ್ಲ. ಕೊಯ್ಲಿನ ಭಾರ ಹೊರುವವರು ಹೆಚ್ಚಾಗಿ ಹೆಂಗಸರೆಂಬುದನ್ನು ಮರೆಯಬಾರದು.

3. ಜೀವಭಯ: ಪಾಚಿಗಟ್ಟಿ ಜಾರುವ ಅಡಿಕೆ ಮರಕ್ಕೆ ಕೊನೆಗಾರನನ್ನು ಒತ್ತಾಯದಿಂದ ಹತ್ತಿಸಬಾರದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯುಳ್ಳವರು ಸೇರಬಹುದು. ವರ್ಷಕ್ಕೆ 20 ರೂ. ಕಂತು, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ ರೂ. ದೊರೆಯುತ್ತದೆ. ಬ್ಯಾಂಕಿಗೆ ಕರೆದೊಯ್ದು ನೋಂದಾಯಿಸಿಕೊಡುವುದು ನಮ್ಮ ಕೆಲಸ.

4. ವರ್ಷದ ದುಡಿಮೆ: ಎರಡು ತಿಂಗಳು ಕರೆದು ಹತ್ತು ತಿಂಗಳು ಮರೆತರೆ ಆಳು ಪೇಟೆಯ ಕಟ್ಟಡ ಕೆಲಸಕ್ಕೆ ಹೋಗದೆ ಇನ್ನೇನು ಮಾಡಿಯಾನು? ಒಂದು ಸಣ್ಣ ತೋಟದಲ್ಲಿ ವರ್ಷವಿಡೀ ಕೆಲಸವಿರದು. ನೆರೆಯ ನಾಲ್ಕೈದು ತೋಟ ಸೇರಿದರೆ ಇದೆ. ಅಡಿಕೆ ಕೊನೆ ಇಳಿಸುವುದು, ಅರೇಬಿಕಾ, ರೊಬಸ್ಟಾ, ಕಾಳುಮೆಣಸು, ಗಿಡ ಕಸಿ, ಮರಗಸಿ, ಔಷಧಿ ಸಿಂಪಡಣೆ, ಕಳೆ ಎಂದು ಸರದಿ ಹಾಕಿಕೊಂಡು, ಯಾವ ವಾರ ಯಾರ ತೋಟವೆಂದು ಮೊದಲೇ ತಿಳಿಸಬೇಕು.

ಪೇಟೆಯ ಕೂಲಿಗೆ ಸಮನಾಗಿ ಕೊಡುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ, ನಿಜ. ಆದರೆ ಮೇಲೆ ಹೇಳಿದವುಗಳಲ್ಲಿ ಬಹುಪಾಲಿಗೆ ಬೇಕಾದ್ದು ಹಣಕ್ಕಿಂತ ಮನಸ್ಸು. ಈ ಕೊಯ್ಲಿಗೆ ಮುನ್ನ, ಕಳೆದ ವರ್ಷ ಬಂದು ಈ ವರ್ಷ ಬರಲೊಲ್ಲದವರ ಮನೆಗೆ ಹೋಗಿ ಕಾರಣ ಕೇಳೋಣ. ಎದುರು ಮಾತಾಡದೆ ಪೂರ್ತಿ ಕೇಳಿಸಿಕೊಂಡು, ಸರಿಪಡಿಸಬಹುದಾದ್ದನ್ನು ಮೊದಲು ಸರಿಪಡಿಸೋಣ.