ಬೆಂಗೇರಿ

ಬೆಂಗೇರಿಯು ಹುಬ್ಬಳ್ಳಿಯ ಒಂದು ಉಪನಗರ. ೧೯೬೨ರಲ್ಲಿ ರಚಿತವಾದ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿರುವ ಈ ಊರು ರಾಷ್ಟ್ರಧ್ವಜದ ತಯಾರಿಕೆಯಿಂದ ದೇಶದಲ್ಲೆಲ್ಲ ಹೆಸರಾಗಿದೆ.

೧೯೫೭ರ ನವೆಂಬರ್ ೧ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಲ್ಲಿ ನೆಲೆಸಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿಯು ಬೆಂಗೇರಿಗೆ ಬಂದು, ಬಣ್ಣ ಪಡೆದು, ೨೪ ಅರಗಳ ಚಕ್ರವನ್ನು ಧರಿಸಿ ಧ್ವಜವಾಗುತ್ತದೆ. ಅದರ ಉದ್ದ ಅಗಲಗಳು ೩:೨ರ ಪ್ರಮಾಣದಲ್ಲಿರಬೇಕು. ನೂಲು, ಬಣ್ಣ, ಹೊಲಿಗೆ ಎಲ್ಲವೂ ನಿಯಮಕ್ಕೆ ಒಳಪಟ್ಟಿರಬೇಕು. ಈ ಕಾರ್ಯದಲ್ಲಿ ನಿರತರಾದವರಲ್ಲಿ ಬಹುಪಾಲು ಮಹಿಳೆಯರು.

೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆಯಿತು. ಅಂದಿನಿಂದ ಕೈನೂಲಿನ ಧ್ವಜವು ಅಗ್ಗದ ಬಟ್ಟೆಯೊಡನೆ ಸ್ಪರ್ಧಿಸಬೇಕಾಗಿದೆ. ಧ್ವಜಕ್ಕೆ ವಂದಿಸುವವರು ಅದನ್ನು ನೂತು ನೇಯ್ದ ಕೈಗಳ ಜೀವನೋಪಾಯವನ್ನೂ ನೆನೆಯುವುದು ಉಚಿತವಾಗಿದೆ.