ತುರ್ತು ಚಿಕಿತ್ಸೆ ಮತ್ತು ಶುಶ್ರೂಷಕಿ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆ ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಮತ್ತು ರೋಗಿ. ಉಪಸ್ಥಾತೃ ಎಂದರೆ ರೋಗಿಯ ಬಳಿ ನಿಂತು ಉಪಚರಿಸುವವರು. ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಚರಕಾಚಾರ್ಯರು ಅವರಲ್ಲಿ ಅಪೇಕ್ಷಿಸುತ್ತಾರೆ. ಸುಶ್ರುತಾಚಾರ್ಯರು ಹೇಸಿಗೆಪಡದಿರುವುದನ್ನೂ ದೇಹಬಲವನ್ನೂ ದಣಿಯದಿರುವುದನ್ನೂ ಹೇಳಿದ್ದಾರೆ. ವ್ಯಾಸಂಗದ ದಿನಗಳಲ್ಲಿ ಇದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆ. ಅರ್ಥವಾದದ್ದು ಮಾತ್ರ ಎಷ್ಟೋ ವರ್ಷಗಳ ತರುವಾಯ, ನಮ್ಮ ಭಾಗದ ಒಂದು ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ.

ಅದು ಕಬ್ಬು ಕಟಾವಿನ ಕಾಲ. ಬೆಳಿಗ್ಗೆ ಏಳರ ಸುಮಾರಿಗೆ ನನ್ನ ಅಣ್ಣನ ಮಗನ ಪಾದಕ್ಕೆ ಮಚ್ಚು ಬಿದ್ದಿತು. ಪಂಚೆ ಸುತ್ತಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಹುಡುಗ ಕೊಠಡಿಯೇ ನಡುಗುವಂತೆ ಕೂಗುತ್ತಿದ್ದ. ಕರ್ತವ್ಯದಲ್ಲಿದ್ದ ಶುಶ್ರೂಷಕಿ ಗಾಯವನ್ನು ಒಮ್ಮೆ ನೋಡಿ, ದಪ್ಪನೆಯ ಗಾಜುಬಟ್ಟೆಯನ್ನು ಅದರ ಮೇಲಿಟ್ಟು, "ಹೀಗೇ ಒತ್ತಿ ಹಿಡಿದುಕೊಳ್ಳಿ ಸಾರ್, ಬಿಡಬೇಡಿ" ಎಂದು ನನ್ನ ಕೈಗೆ ಒಪ್ಪಿಸಿ ಪಕ್ಕದ ಮಂಚಕ್ಕೆ ಹೋದರು. ಅಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ತಾಯಿಯ ತೊಡೆಯ ಮೇಲೆ ಸುಮ್ಮನೆ ಮಲಗಿದ್ದಳು. ನಸುಕಿನಿಂದ ಹೊಟ್ಟೆನೋವೆಂದು ತಾಯಿ ಹೇಳುತ್ತಿದ್ದಳು. ನನಗೆ ಸಿಟ್ಟು ಬಂದಿತು. ರಕ್ತ ಸುರಿಯುತ್ತಿರುವವನನ್ನು ಬಿಟ್ಟು ಹೊಟ್ಟೆನೋವಿನ ಮಗುವನ್ನು ನೋಡುತ್ತೀರಲ್ಲ, ನಾನೂ ವೈದ್ಯನೇ, ನನಗೆ ಗೊತ್ತಾಗುವುದಿಲ್ಲವೇ ಎಂದು ಎಲ್ಲರೆದುರು ಬೈದೆ. ಅವರು ಉತ್ತರ ಕೊಡಲಿಲ್ಲ.

ಆ ಮಗುವಿನ ಕಣ್ಣಿನ ರೆಪ್ಪೆಗಳು ಜೋಲು ಬಿದ್ದಿದ್ದವು. ಎಂಜಲು ನುಂಗಲು ಆಗುತ್ತಿರಲಿಲ್ಲ. ನೆಲದ ಮೇಲೆ ಮಲಗಿದ್ದವಳಿಗೆ ರಾತ್ರಿ ಕಟ್ಟುಹಾವು ಕಡಿದಿತ್ತು. ಈ ಹಾವಿನ ಕಡಿತದಲ್ಲಿ ನೋವು, ಬಾವು ಬಹುಮಟ್ಟಿಗೆ ಇರುವುದಿಲ್ಲ. ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ಬಳಿಕ ರೆಪ್ಪೆ ಜೋಲುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುವುದು ಇದರ ಕ್ರಮ. ವೈದ್ಯನಾದ ನಾನು ಆ ಕಣ್ಣುಗಳನ್ನು ನೋಡಿಯೂ ಕಂಡಿರಲಿಲ್ಲ. ವೈದ್ಯರು ಬಂದರು. ಪ್ರತಿವಿಷ ಆರಂಭವಾಯಿತು. ಉಸಿರು ಕ್ಷೀಣಿಸಿದಾಗ ಗಂಟಲಿಗೆ ಕೊಳವೆ ಇಟ್ಟು ಮೈಸೂರಿಗೆ ಕಳುಹಿಸಬೇಕಾಯಿತು. ಆ ಶುಶ್ರೂಷಕಿಯೇ ವಾಹನದಲ್ಲಿ ಕುಳಿತು ಉಸಿರಿನ ಚೀಲವನ್ನು ಕೈಯಿಂದ ಒತ್ತುತ್ತಾ ಹೋದರು. ನಿಮಿಷಕ್ಕೆ ಸುಮಾರು 20 ಬಾರಿ ಎಂದರೆ ಗಂಟೆಗೆ 1200 ಬಾರಿ. ಕೈ ಸೋತರೆ ಮಗುವಿನ ಉಸಿರು ನಿಂತಂತೆ. ರಾತ್ರಿಪಾಳಿ ಮುಗಿಸಿ ಮನೆಗೆ ಹೊರಡಬೇಕಾಗಿದ್ದ ಹೊತ್ತು ಅದು. ಮಗು ಬದುಕಿತು.

ಕೂಗುವವನಿಗೆ ಉಸಿರಿದೆ, ಸುಮ್ಮನಿರುವವನನ್ನು ಮೊದಲು ನೋಡಬೇಕು. ತುರ್ತು ಕೊಠಡಿಯ ಶುಶ್ರೂಷಕಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಎಂಬುವನು ಗಾಯಾಳುಗಳನ್ನು ಪದವಿಯ ಪ್ರಕಾರ ನೋಡದೆ ಗಾಯದ ತೀವ್ರತೆಯ ಪ್ರಕಾರ ನೋಡುವ ಪದ್ಧತಿಯನ್ನು ತಂದನು. ಇಂದು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಇರುವುದು ಅದೇ ನೀತಿ. ಉಸಿರಾಟ, ನಾಡಿ, ರಕ್ತದೊತ್ತಡ, ಪ್ರಜ್ಞೆ ಇವನ್ನು ಒಂದೆರಡು ನಿಮಿಷಗಳಲ್ಲಿ ಅಳೆದು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಮೊದಲು ಬಂದವರಿಗೆ ಮೊದಲು ಎಂಬ ಅಂಗಡಿಯ ನ್ಯಾಯ ಅಲ್ಲಿ ಸಲ್ಲದು. ಊರ ಗೌಡರ ಶಿಫಾರಸೂ ಸಲ್ಲದು.

ನಮ್ಮ ನಾಲ್ಕು ತಾಲ್ಲೂಕುಗಳ ತುರ್ತು ಕೊಠಡಿಗಳಿಗೆ ಬರುವವರನ್ನು ನೋಡಿದರೆ ನೆಲದ ಸ್ವಭಾವವೇ ತಿಳಿಯುತ್ತದೆ. ಶ್ರೀರಂಗಪಟ್ಟಣದ ಕಡೆ ಬೆಂಗಳೂರು–ಮೈಸೂರು ಹೆದ್ದಾರಿಯ ಅಪಘಾತಗಳು ಮತ್ತು ಕಾವೇರಿಯಲ್ಲಿ ಮುಳುಗಿದವರು; ನಾಗಮಂಗಲದ ಕಡೆ ಬೆಳ್ಳೂರು ಕ್ರಾಸಿನ ಹೆದ್ದಾರಿ; ಪಾಂಡವಪುರ, ಕೃಷ್ಣರಾಜಪೇಟೆಗಳ ಕಬ್ಬು, ಭತ್ತದ ಗದ್ದೆಗಳಿಂದ ಹಾವು ಕಡಿತದವರು. ಗದ್ದೆಯಲ್ಲಿ ಇಲಿ, ಇಲಿಯ ಹಿಂದೆ ಕೊಳಕುಮಂಡಲ.

ಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಶುಷ್ಕವಾದ ಗಾಜಿನ ಕೊಳವೆಯಲ್ಲಿ 2 ಮಿಲಿ ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಬಳಿಕ ಓರೆ ಮಾಡಿ ನೋಡುತ್ತಾರೆ. ಇನ್ನೂ ನೀರಾಗಿಯೇ ಹರಿದರೆ ವಿಷ ಏರಿದೆ ಎಂದರ್ಥ. ಕೊಳವೆಯನ್ನು ಸೋಪಿನಿಂದ ತೊಳೆದಿದ್ದರೆ, ಅಥವಾ ಅದು ಪ್ಲಾಸ್ಟಿಕ್ಕಿನದಾಗಿದ್ದರೆ ಫಲಿತಾಂಶವೇ ತಪ್ಪುತ್ತದೆ. ಇಂಥ ಸಣ್ಣ ಸಂಗತಿಯನ್ನು ಕಾಯುವವರು ಶುಶ್ರೂಷಕಿಯರೇ. ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಕೆಲವರ ದೇಹ ಅದನ್ನು ಸಹಿಸದು. ಮೈಮೇಲೆ ದದ್ದು, ತುರಿಕೆ, ಉಬ್ಬಸ ಕಂಡೊಡನೆ ಅಡ್ರಿನಲಿನ್ ಚುಚ್ಚುಮದ್ದು ಕೊಡಬೇಕು. ಆದ್ದರಿಂದ ಅದನ್ನು ಮೊದಲೇ ಸಿದ್ಧಪಡಿಸಿಕೊಂಡು ಅವರು ಮಂಚದ ಪಕ್ಕದಿಂದ ಕದಲುವುದಿಲ್ಲ.

ಅಗದತಂತ್ರವು ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಆದರೂ ಹೇಳುತ್ತೇನೆ, ಹಾವು ಕಡಿದರೆ ನನ್ನ ಬಳಿ ಬರಬೇಡಿ, ಬೇರು ಕೊಡುವವರ ಬಳಿಗೂ ಹೋಗಬೇಡಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಕಡಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ. ಹಾವನ್ನು ಹಿಡಿದು ತರುವ ಸಾಹಸವೂ ಬೇಡ. ಮನೆಮದ್ದು ಏನಾದರೂ ಕೊಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಶುಶ್ರೂಷಕಿಗೆ ತಿಳಿಸಿ.

ಬೆಳೆಗೆ ಹೊಡೆಯುವ ಕೀಟನಾಶಕ ಒಳಹೋದವರ ಶುಶ್ರೂಷೆ ಇನ್ನೂ ಕಠಿಣ. ಕೈಗವಸು ತೊಟ್ಟು ಬಟ್ಟೆ ಬಿಚ್ಚಿ, ಮೈ ತೊಳೆಯಬೇಕು. ಇಲ್ಲದಿದ್ದರೆ ಚರ್ಮದ ಮೂಲಕ ವಿಷ ಏರುತ್ತಲೇ ಇರುತ್ತದೆ. ಹಲವು ಬಗೆಯ ಕೀಟನಾಶಕಗಳಿಗೆ ಕೊಡುವ ಅಟ್ರೊಪಿನ್ ಮದ್ದಿನ ಪ್ರಮಾಣವನ್ನು ಎದೆಯ ಕಫ ಇಂಗುವವರೆಗೆ ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತಾ ಹೋಗಬೇಕು. ಹೆಚ್ಚಾದರೆ ಜ್ವರ, ಸನ್ನಿ. ರಾತ್ರಿಯೆಲ್ಲ ನಾಡಿ, ಕಣ್ಣಿನ ಪಾಪೆ, ಎದೆಯ ಸದ್ದು ನೋಡುತ್ತಾ ಕೂರುವ ಕೆಲಸವಿದು. ವಿಷದ ಡಬ್ಬಿಯನ್ನೋ ಅದರ ಚೀಟಿಯನ್ನೋ ತಪ್ಪದೆ ಒಯ್ಯಿರಿ, ಅರ್ಧ ಕೆಲಸ ಹಗುರಾಗುತ್ತದೆ. ನೊಂದು ಅಂಥದ್ದಕ್ಕೆ ಕೈಹಾಕಿದವರನ್ನು ಮಂಚದ ಬಳಿ ನಿಂತು ಬೈಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಅವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸುತ್ತದೆ. ಮನೆಯಲ್ಲಿ ಯಾರಾದರೂ ಹಾಗೆ ಕುಗ್ಗಿದ್ದರೆ 14416 ಎಂಬ ಟೆಲಿ ಮಾನಸ ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಹೋದುದನ್ನು ನಾವಾರೂ ಮರೆತಿಲ್ಲ. ಶನಿವಾರದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನೀರಿನ ಅಪಘಾತದಲ್ಲಿ ಆಸ್ಪತ್ರೆಯ ಬಾಗಿಲು ತಲುಪುವ ಮೊದಲೇ ಬಹಳಷ್ಟು ನಿರ್ಧಾರವಾಗಿಬಿಡುತ್ತದೆ. ಮುಳುಗಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮುವುದು ನಮ್ಮಲ್ಲಿ ಇನ್ನೂ ಇದೆ. ಅದರಿಂದ ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆಯ ನಡುವೆ ಬಲವಾಗಿ ಒತ್ತಬೇಕು. ನಾಲೆಯ ದಂಡೆಯ ಪ್ರತಿ ಊರಿನಲ್ಲೂ ನಾಲ್ಕಾರು ಯುವಕರು ಇದನ್ನು ಕಲಿತಿರಬೇಕೆಂಬುದು ನನ್ನ ಬಹುದಿನದ ಆಸೆ.

ಅಪಘಾತದ ಗಾಯಾಳುವನ್ನು ಒಯ್ದರೆ ಪೊಲೀಸ್ ಠಾಣೆ ಸುತ್ತಬೇಕಾದೀತೆಂಬ ಭಯವೂ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿಯ ನಿಯಮಗಳು, ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದಿವೆ.

ಇಷ್ಟೆಲ್ಲ ಮಾಡುವವರ ಸ್ಥಿತಿ ಹೇಗಿದೆ? ಸರ್ಕಾರ ಅವರನ್ನು ಈಗ ಶುಶ್ರೂಷಾಧಿಕಾರಿ ಎಂದು ಕರೆಯುತ್ತದೆ. ಹೆಸರು ದೊಡ್ಡದಾಗಿದೆ. ಆದರೆ ನಾನು ಕಂಡ ಎಷ್ಟೋ ರಾತ್ರಿಪಾಳಿಗಳಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ, ಗುತ್ತಿಗೆಯ ಮೇಲೆ ದುಡಿಯುವವರೂ ಅನೇಕರು. ಇದು ಸರಿಯಲ್ಲ. ಅದರ ಮೇಲೆ ರೋಗಿಯೊಬ್ಬನ ಜೊತೆ ಹದಿನೈದು ಜನ ಒಳನುಗ್ಗುತ್ತಾರೆ. ಒಬ್ಬರು ವೀಡಿಯೊ ತೆಗೆಯುತ್ತಾರೆ, ಮತ್ತೊಬ್ಬರು ಕೈಯೆತ್ತುತ್ತಾರೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಶುಶ್ರೂಷಕಿಯರೂ ಅದರ ರಕ್ಷಣೆಯಲ್ಲಿದ್ದಾರೆ. ಆದರೆ ಕಾಯ್ದೆ ಬರುವುದು ಏಟು ಬಿದ್ದ ಮೇಲೆ. ಒಳಗೆ ಒಬ್ಬರೇ ಹೋಗಿ. ಅವರು ಕಾಯಿಲೆಯ ಇತಿಹಾಸ, ನಿತ್ಯ ಸೇವಿಸುವ ಮಾತ್ರೆಗಳು, ಘಟನೆ ನಡೆದ ಸಮಯ ಇಷ್ಟನ್ನು ಬಲ್ಲವರಾಗಿರಲಿ.

ಹೊಲಿಗೆ ತೆಗೆಸಲು ಹನ್ನೆರಡನೆಯ ದಿನ ಅಣ್ಣನ ಮಗನನ್ನು ಅದೇ ಆಸ್ಪತ್ರೆಗೆ ಕರೆದೊಯ್ದೆ. ಅದೇ ಶುಶ್ರೂಷಕಿ ಇದ್ದರು. ಆ ದಿನ ಬೈದವನು ನಾನೇ, ತಪ್ಪಾಯಿತು ತಾಯಿ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಬೈಯುವವರು ಬಹಳ ಜನ ಸಾರ್, ಯಾರೆಂದು ನೆನಪಿಟ್ಟುಕೊಳ್ಳಲಿ?" ಎಂದು ನಕ್ಕು, ಹುಡುಗನ ಕಡೆಗೆ ತಿರುಗಿ, "ಬಾಪ್ಪ, ಕಾಲು ಇಲ್ಲಿಡು" ಎಂದರು.