ಹೊಳೆಯ ಬಾಳೆ ಮೀನು

ಅಕ್ಕ-ತಂಗಿಯರೇ, ನಮ್ಮ ಅಗರಖೇಡದ ಹೊಳೆ ಯಾವುದು? ಭೀಮಾ ಹೊಳೆ. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರ ದಾಟಿ ನಮ್ಮ ಕಡೆ ಬರುತ್ತದೆ.

ಈ ಹೊಳೆಯ ದೊಡ್ಡ ಮೀನುಗಳಲ್ಲಿ ಬಾಳೆ ಮೀನು ಒಂದು. ಇದರ ಮೈಮೇಲೆ ಹುರುಪೆ ಇಲ್ಲ. ಬಾಯಿ ಬಲು ಅಗಲ. ಎರಡು ಉದ್ದ ಮೀಸೆ ಇವೆ. ಎರಡು ಮೊಳಕ್ಕಿಂತ ಉದ್ದ ಬೆಳೆಯುತ್ತದೆ. ಹಗಲು ಮಡುವಿನಲ್ಲಿ ಅಡಗಿ, ರಾತ್ರಿ ಸಣ್ಣ ಮೀನು ಹಿಡಿದು ತಿನ್ನುತ್ತದೆ. ಅದಕ್ಕೇ ಕೆರೆಯಲ್ಲಿ ಕಟ್ಲಾ, ರೋಹು ಸಾಕುವವರಿಗೆ ಇದನ್ನು ಕಂಡರೆ ಆಗುವುದಿಲ್ಲ!

ಆದರೆ ಈಗ ಬಾಳೆ ಮೀನಿಗೇ ಆಪತ್ತು ಬಂದಿದೆ. ಐ.ಯು.ಸಿ.ಎನ್. ಎಂಬ ಸಂಸ್ಥೆ ಅಳಿಯುವ ಜೀವಿಗಳ ಪಟ್ಟಿ ಮಾಡುತ್ತದೆ. 2019ರಲ್ಲಿ ಬಾಳೆ ಮೀನನ್ನೂ ಅಪಾಯದಲ್ಲಿರುವ ಜೀವಿಗಳ ಜೊತೆ ಸೇರಿಸಿತು.

ಯಾಕೆ ಹೀಗಾಯಿತು? ಮಳೆಗಾಲದ ಹೊಸ ನೀರು ಬಂದಾಗ ಬಾಳೆ ಮೀನು ದಡದ ಕಡೆ, ತೆಳು ನೀರಿಗೆ ಬಂದು ತತ್ತಿ ಇಡುತ್ತದೆ. ಅದಕ್ಕೆ ಹರಿಯುವ ನೀರು ಬೇಕು. ಮೇಲೆ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಕೆಳಗೆ ಬ್ಯಾರೇಜುಗಳು ಬಂದವು. ಅವುಗಳಿಂದ ಹೊಲಕ್ಕೆ ನೀರು ಸಿಕ್ಕಿದ್ದು ನಿಜ. ಆದರೆ ಮೀನಿನ ದಾರಿಗೆ ತಡೆಯಾಯಿತು. ಬ್ಯಾಸಗಿಯಲ್ಲಿ ಹೊಳೆ ಬತ್ತಿದರೆ ಮೀನೆಲ್ಲ ಮಡುವಿನಲ್ಲಿ ಗುಂಪಾಗುತ್ತವೆ. ಆಗ ಸಣ್ಣ ಕಣ್ಣಿನ ಬಲೆ ಬಿದ್ದರೆ ಮರಿಯೂ ಉಳಿಯದು. ಕೆಲವರು ಮದ್ದು ಸಿಡಿಸುತ್ತಾರೆ, ನೀರಿಗೆ ವಿಷ ಹಾಕುತ್ತಾರೆ. ಇದು ಅಪರಾಧ. 1897ರಷ್ಟು ಹಿಂದೆಯೇ ಇದಕ್ಕೆ ಕಾನೂನು ಬಂದಿದೆ. ವಿಷದ ನೀರನ್ನು ನಮ್ಮ ದನಗಳೂ ಕುಡಿಯುತ್ತವೆ, ನೆನಪಿರಲಿ.

ಇನ್ನು ಮಿರಗದ ಮಾತು. ಮಿರಗ ಕೂಡಿದಾಗ ಮೀನು ತಿಂದರೆ ಕೆಮ್ಮು-ದಮ್ಮು ಹೋಗುತ್ತದೆ ಎಂದು ನಂಬುವವರು ಬಹಳ. ಬಾಳೆ ಮೀನಿನ ಹೊಟ್ಟೆ ತತ್ತಿಯಿಂದ ತುಂಬುವುದೂ ಆಗಲೇ.

ಪಾಠದಲ್ಲಿ ಇದನ್ನು ಹೇಳಿದಾಗ ಒಬ್ಬ ತಾಯಿ ಕೇಳಿದರು: "ಅಕ್ಕಾರ, ಬಲಿಗೆ ಬಿದ್ದ ಮೀನ ಬಿಡು ಅಂತೀರಿ. ಅವತ್ತ ನಮ್ಮನಿ ಒಲಿ ಹೊತ್ತೂದು ಹೆಂಗ್ರೀ?"

ನಾವು ಸುಮ್ಮನಾದೆವು. ಅವರ ಮಾತು ಸುಳ್ಳಲ್ಲ. ಮೀನು ಮಾರಿಯೇ ಬದುಕುವ ಮನೆಗೆ ಬರೀ ಬುದ್ಧಿ ಹೇಳಿದರೆ ಆಗದು.

ಆಗ ಅವರ ಪಕ್ಕದಲ್ಲಿದ್ದ ಮುದುಕಿ ಅಂದರು: "ತತ್ತಿ ಇದ್ದ ಬಾಳಿ ಒಂದು ಮಾರಿದರ ಒಂದ ದಿನದ ರೊಕ್ಕ. ಅದರ ಹೊಟ್ಯಾಗ ಸಾವಿರಾರು ತತ್ತಿ ಇರತಾವ. ಅದರಾಗ ನಾಕ ಮರಿ ಬದುಕಿದರೂ ನಿನ್ನ ಮಗಾ ಬಲಿ ಹಾಕತಾನ. ಮಿರಗಕ್ಕ ಕೆರಿಯಾಗ ಸಾಕಿದ ಕಟ್ಲಾ ಮಾರು."

ಮನೆಗೆ ಹೋಗಿ ಹಿರಿಯರನ್ನು ಕೇಳಿರಿ: ಅವರು ಕಂಡ ದೊಡ್ಡ ಬಾಳೆ ಮೀನು ಎಷ್ಟು ಉದ್ದ ಇತ್ತು? ಈಗ ಸಿಗುವುದು ಎಷ್ಟು ಉದ್ದ? ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತನ್ನಿರಿ.